ಸಣ್ಣ ಮಾವ ತೊಳೆದ ಪ್ಯಾಡುಗಳು

ನಮ್ಮ ಸಣ್ಣ ಮಾವ ತನ್ನ ಮೈ ತೊಳೆದುಕೊಳ್ಳುವುದಕ್ಕಿಂತ ಹೆಚ್ಚು ಸಲ ಸ್ಪಂಜುಗಳ ಮೈ ತೊಳೆಯುತ್ತಾನೆ ಎಂದು ಅವನ ಹೆಂಡತಿ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಇದು ಅನ್ಯಾಯದ ಮಾತು. ಮಾವ ದಿನವೂ ಸ್ನಾನ ಮಾಡುತ್ತಾನೆ. ವ್ಯತ್ಯಾಸ ಇಷ್ಟೇ: ತನಗೆ ಒಂದೆರಡು ತಂಬಿಗೆ ತಣ್ಣೀರು, ಅವಕ್ಕೆ ಬಕೆಟ್ಟು ತುಂಬ ಉಗುರುಬೆಚ್ಚಗಿನ ನೀರು. ತನಗೆ ಕೈಗೆ ಸಿಕ್ಕ ಸಾಬೂನಿನ ಚೂರು, ಅವಕ್ಕೆ ಹೈದರಾಬಾದಿನಿಂದ ತರಿಸಿದ ಪರಿಮಳದ ದ್ರಾವಣ. ತಾನು ಒದ್ದೆ ತಲೆಯಲ್ಲೇ ಬಿಸಿಲಿಗೆ ಹೊರಟುಬಿಡುತ್ತಾನೆ, ಅವು ಮಾತ್ರ ನೆರಳಿನಲ್ಲಿ, ಗಾಳಿಯಾಡುವ ಕಡೆ, ಮುಖ ಕೆಳಗೆ ಮಾಡಿ ಮಲಗಬೇಕು. ರಾಯಚೂರಿನ ಬೇಸಿಗೆಯಲ್ಲಿ ನೆರಳು ನೋಡಿ ಮಲಗುವ ಯೋಗ ಮನುಷ್ಯರಿಗೇ ಇಲ್ಲ. ಸ್ಪಂಜಿಗೆ ಇದೆ ಎಂದರೆ ಕಟ್ಟಿಕೊಂಡ ಹೆಂಡತಿಗೆ ಹೊಟ್ಟೆ ಉರಿಯದೆ ಇದ್ದೀತೆ?

ಸ್ಪಂಜು ಎಂದೆನಲ್ಲ, ಅದು ಮಾವನ ಕಿವಿಗೆ ಬೀಳದಿರಲಿ. ಅವು ಪಾತ್ರೆ ತಿಕ್ಕುವ ಸ್ಪಂಜುಗಳಲ್ಲ. ಕಾರಿಗೆ ಪಾಲಿಶ್ ಹಾಕುವ ಯಂತ್ರದ ಮುಖಕ್ಕೆ ಅಂಟಿಸುವ, ಅಂಗೈಗಿಂತ ತುಸು ದೊಡ್ಡದಾದ, ದುಂಡನೆಯ ಫೋಮಿನ ಪ್ಯಾಡುಗಳು. ಕಿತ್ತಳೆ ಬಣ್ಣದ್ದು ಒರಟು, ಗೀರು ತೆಗೆಯುವುದಕ್ಕೆ. ಬಿಳಿಯದು ನಯ ಮಾಡುವುದಕ್ಕೆ. ಕರಿಯದು ಎಲ್ಲಕ್ಕಿಂತ ಮೆತ್ತಗೆ, ಕೊನೆಯ ಹೊಳಪಿಗೆ. ಕಾರಿನ ಮೇಲೆ ಬೆಣ್ಣೆಯಂಥ ಬಿಳಿ ಲೇಪ ಹಚ್ಚಿ ಯಂತ್ರ ತಿರುಗಿಸಿದರೆ ಮಂಕಾದ ಬಣ್ಣ ಕನ್ನಡಿಯಾಗುತ್ತದೆ. ಆಮೇಲೆ ಆ ಲೇಪವೂ ಕಾರಿನ ಹೊಲಸೂ ಸೇರಿ ಪ್ಯಾಡಿನ ರಂಧ್ರಗಳಲ್ಲಿ ಮನೆ ಮಾಡುತ್ತವೆ. ತೊಳೆಯದೆ ಬಿಟ್ಟರೆ ಒಣಗಿ ಕಲ್ಲಾಗುತ್ತವೆ. ಈ ಕಸುಬಿನ ಬೇರೆ ಜನ ಕಾರಿನ ಕೆಲಸ ಮುಗಿದ ಮೇಲೆ ಪ್ಯಾಡು ತೊಳೆಯುತ್ತಾರೆ. ನಮ್ಮ ಮಾವ ಪ್ಯಾಡು ತೊಳೆಯುವ ಆಸೆಗೇ ಕಾರಿನ ಕೆಲಸ ಹಿಡಿಯುತ್ತಾನೇನೋ ಎಂದು ನನಗೆ ಬಹಳ ದಿನದ ಅನುಮಾನ.

ಅವನು ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಅಜ್ಜ ಅಜ್ಜಿ ಬಾಗಲವಾಡದ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದುದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. "ಸೊಂಟದ ಮ್ಯಾಲಿಂದ ಇಳಿಸಿದ್ದೊಂದೇ ತಪ್ಪಾತು. ಅವತ್ತಿಂದ ಓಡಾಕತ್ತಾನ, ಇನ್ನೂ ನಿಂತಿಲ್ಲ," ಎನ್ನುತ್ತಾಳೆ ಅವಳು. ಮಾವ ಕೂತದ್ದನ್ನು ನೋಡಿದವರು ಕಡಿಮೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವನಿಗೆ ಸಾರು ಬಂದಿಲ್ಲವೆಂದು ಎದ್ದು ಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಎಲೆ ಎತ್ತಿರುತ್ತಾರೆ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಸ್ವಲ್ಪ ಕಾಲ ಇದ್ದ. ದೇವದುರ್ಗದಿಂದ ಜಾಲಹಳ್ಳಿಗೆ ಟಂಟಂ ಆಟೋ ಓಡಿಸಿದ. ಯಾಪಲದಿನ್ನಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು, ರಿಪೇರಿಗೆ ಬಂದವರಿಗಿಂತ ಮೊದಲು ತಾನೇ ಬೇಸರಪಟ್ಟು ಬಾಗಿಲು ಹಾಕಿದ. ಕೊನೆಗೆ ಹೈದರಾಬಾದಿಗೆ ಹೋಗಿ ಕಾರಿನ ಪಾಲಿಶ್ ಕಲಿತು ಬಂದು, ರಾಯಚೂರಿನ ಅಂಚಿಗೆ, ಮಾನ್ವಿ ರಸ್ತೆಯ ಪಕ್ಕ, ಒಂದು ತಗಡಿನ ಶೆಡ್ಡು ಹಾಕಿಕೊಂಡ. ನಾನು ಮಾನ್ವಿಯಲ್ಲಿ ಅವ್ವನ ಜೊತೆ ಇದ್ದು, ದಿನವೂ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ಬರುವ ಪ್ರೌಢಶಾಲೆಯ ಟೀಚರು. ಶೆಡ್ಡು ನನ್ನ ದಾರಿಯಲ್ಲೇ ಬೀಳುತ್ತದೆ. ಸಂಜೆ ಅಲ್ಲಿ ಇಳಿದು ಚಹಾ ಕುಡಿದು ಮುಂದಿನ ಬಸ್ಸು ಹಿಡಿಯುವುದು ರೂಢಿ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕಾಣದ್ದನ್ನು ಅತ್ತೆ, ಅಂದರೆ ಮಾವನ ಹೆಂಡತಿ, ಹೇಳಿದ್ದಾಳೆ. ಅವಳ ಮಾತಿನಲ್ಲಿ ಸ್ವಲ್ಪ ಕಳೆದು ನಂಬಬೇಕು.

ಮೊದಮೊದಲು ಮಾವನಿಗೆ ಪ್ಯಾಡಿನ ಮೇಲೆ ಇಷ್ಟು ಭಕ್ತಿ ಇರಲಿಲ್ಲ. ಆ ಭಕ್ತಿ ಬಂದದ್ದು ದೇವದುರ್ಗದ ಒಬ್ಬ ಗುತ್ತಿಗೆದಾರರಿಂದ. ಅವರು ತಮ್ಮ ಹೊಸ ಕರಿ ಕಾರನ್ನು ಮಗಳ ನಿಶ್ಚಿತಾರ್ಥಕ್ಕೆ ಹೊಳೆಯಿಸಿಕೊಳ್ಳಲು ಬಿಟ್ಟು ಹೋದರು. ಮಾವ ಹಿಂದಿನ ದಿನ ಬಳಸಿ ಮೂಲೆಗೆ ಎಸೆದಿದ್ದ ಪ್ಯಾಡನ್ನೇ ಎತ್ತಿ ಯಂತ್ರಕ್ಕೆ ಹಚ್ಚಿದ. ಶೆಡ್ಡಿನ ನೆರಳಿನಲ್ಲಿ ಕಾರು ಚೆನ್ನಾಗಿಯೇ ಕಂಡಿತು. ಮರುದಿನ ಮಧ್ಯಾಹ್ನ ಗುತ್ತಿಗೆದಾರರು ಬಿಸಿಲಿನಲ್ಲಿ ಕಾರು ನಿಲ್ಲಿಸಿ ಮಾವನನ್ನು ಕರೆದರು.

"ಇದೇನ್ರೀ ಇದು?"

"ಏನಾತ್ರೀ ಸಾಹೇಬ್ರ?"

"ನಾ ಪಾಲಿಶ್ ಹಾಕ್ರಿ ಅಂದಿದ್ದೆ. ನೀವು ರಂಗೋಲಿ ಹಾಕೀರಿ."

ನಿಜ. ಬಾನೆಟ್ಟಿನ ತುಂಬ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಸುತ್ತುಗೆರೆಗಳು ಬಿಸಿಲಿಗೆ ಮಿನುಗುತ್ತಿದ್ದವು. ಪ್ಯಾಡಿನಲ್ಲಿ ಒಣಗಿ ಗಟ್ಟಿಯಾಗಿದ್ದ ಲೇಪದ ಹರಳುಗಳು ಮಾಡಿದ ಕಸೂತಿ ಅದು. ಗುತ್ತಿಗೆದಾರರು ಬೈಯಲಿಲ್ಲ. ಬೈದಿದ್ದರೆ ಮಾವ ಮರೆತುಬಿಡುತ್ತಿದ್ದ. "ಬೀಗರು ಬರೂದ್ರಾಗ ಅಳಿಸಿ ಕೊಡ್ರಿ. ಮನ್ಯಾಗ ಹೆಣ್ಮಕ್ಕಳು ಹಾಕೋ ರಂಗೋಲಿನs ಸಾಕು," ಎಂದರಂತೆ, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ಮಾವನನ್ನು ತಿಂದುಹಾಕಿತು. ಸಂಜೆಯವರೆಗೂ ನಿಂತು ಗೆರೆಗಳನ್ನು ತೆಗೆದುಕೊಟ್ಟ. ಅವತ್ತಿನಿಂದ ಬದುಕಿನಲ್ಲಿ ಮೊದಲ ಸಲ ಒಂದೇ ಕೆಲಸಕ್ಕೆ ಅಂಟಿಕೊಂಡ. ಅದು ಪ್ಯಾಡು ತೊಳೆಯುವ ಕೆಲಸ ಆದದ್ದು ನಮ್ಮ ಮನೆತನದ ಪುಣ್ಯ.

ಅದನ್ನು ನೋಡಬೇಕು ನೀವು. ಮೊದಲು ಮೆತ್ತನೆಯ ಬ್ರಶ್ಶಿನಿಂದ ತಲೆ ಬಾಚಿದ ಹಾಗೆ ಬಾಚುತ್ತಾನೆ. ಆಮೇಲೆ ಬೆಚ್ಚನೆ ನೀರಿನಲ್ಲಿ ನೆನೆಹಾಕುತ್ತಾನೆ. ನೆನೆಯುವ ಹೊತ್ತಿನಲ್ಲಿ ಶೆಡ್ಡಿನಲ್ಲಿ ಅತ್ತ ಇತ್ತ ಓಡಾಡುತ್ತ, ಬಕೆಟ್ಟಿಗೆ ಬಗ್ಗಿ ಬಗ್ಗಿ ನೋಡುತ್ತ, "ಇನ್ನೂ ಬಿಡವಲ್ದು, ಇನ್ನೂ ಬಿಡವಲ್ದು" ಎನ್ನುತ್ತಿರುತ್ತಾನೆ. ಹೆರಿಗೆ ಕೋಣೆಯ ಹೊರಗಿನ ಗಂಡಸು ಹೀಗೆಯೇ ಇರುತ್ತಾನಂತೆ. ಆಮೇಲೆ ಎರಡು ಅಂಗೈ ನಡುವೆ ಇಟ್ಟು ಒತ್ತುತ್ತಾನೆ, ಬಿಡುತ್ತಾನೆ, ಒತ್ತುತ್ತಾನೆ. ಬಟ್ಟೆ ಹಿಂಡಿದ ಹಾಗೆ ಹಿಂಡಿದರೆ ಬೆನ್ನಿನ ಅಂಟು ಬಿಟ್ಟುಕೊಳ್ಳುತ್ತದಂತೆ. ಬಿಳಿ ನೀರು ತಿಳಿಯಾಗುವ ತನಕ ಊಟ, ನೀರು, ಗಿರಾಕಿ ಯಾವುದೂ ಇಲ್ಲ. ಕೊನೆಗೆ ಯಂತ್ರಕ್ಕೆ ಹಚ್ಚಿ, ಖಾಲಿ ಬಕೆಟ್ಟಿನೊಳಗೆ ಇಳಿಬಿಟ್ಟು, ಮೆಲ್ಲಗೆ ತಿರುಗಿಸಿ ನೀರು ಹಾರಿಸುತ್ತಾನೆ. ಬಕೆಟ್ಟಿನೊಳಗೆ ಎನ್ನುವುದನ್ನು ಒಮ್ಮೆ ಮರೆತಿದ್ದ. ನಾನು ಬಿಳಿ ಸೀರೆ ಉಟ್ಟು ಶಾಲೆಯ ಕಾರ್ಯಕ್ರಮದಿಂದ ಬಂದು ನಿಂತಿದ್ದೆ. ಆ ಸೀರೆಯನ್ನು ಈಗ ಬುಟ್ಟಿಯ ರೊಟ್ಟಿಗೆ ಹೊದಿಸುತ್ತೇವೆ.

ಅತ್ತೆ ಹಟ ಹಿಡಿದು ಬಟ್ಟೆ ಒಗೆಯುವ ಮಶೀನು ಕೊಂಡಾಗ ಅವಳಿಗಿಂತ ಹೆಚ್ಚು ಖುಷಿಪಟ್ಟವನು ಮಾವ. ಅವಳು ಸಂತೆಗೆ ಹೋದಾಗ ಪ್ಯಾಡುಗಳನ್ನೆಲ್ಲ ಅದಕ್ಕೆ ತುಂಬಿದ. ಅವಸರದಲ್ಲಿ ಯಂತ್ರದ ಮುಳ್ಳುತಟ್ಟೆಯೂ ಒಳಗೆ ಹೋಯಿತು. ಪ್ಯಾಡು ಕಚ್ಚಿ ಹಿಡಿಯಲು ಸಣ್ಣ ಸಣ್ಣ ಕೊಕ್ಕೆಗಳಿರುವ ತಟ್ಟೆ ಅದು. ಮಶೀನಿನಲ್ಲಿ ಮೊದಲೇ ಅತ್ತೆಯ ಇಳಕಲ್ ಸೀರೆ ಇತ್ತು. ತಟ್ಟೆಯೂ ಸೀರೆಯೂ ಒಂದನ್ನೊಂದು ಎಷ್ಟು ಪ್ರೀತಿಯಿಂದ ಅಪ್ಪಿಕೊಂಡವೆಂದರೆ, ಬಿಡಿಸುವಾಗ ಸೆರಗು ಒಂದು ಕಡೆ, ಸಂಸಾರ ಒಂದು ಕಡೆ ಆಗುವುದರಲ್ಲಿತ್ತು.

"ಈ ಮಶೀನು ನನಗ ತಂದದ್ದೋ, ನಿನ್ನ ಪ್ಯಾಡಿಗೆ ತಂದದ್ದೋ?" ಎಂದಳು ಅತ್ತೆ.

ಮಾವ ಸೀರೆಯನ್ನು ನೋಡಲೇ ಇಲ್ಲ. ಬಿಸಿಗೆ ಬೆನ್ನು ಬಿಟ್ಟುಕೊಂಡಿದ್ದ ಒಂದು ಕರಿ ಪ್ಯಾಡನ್ನು ಕೈಯಲ್ಲಿ ಹಿಡಿದು, "ಪಾಪ, ಇದಕ್ಕ ಇಷ್ಟು ಜೋರು ಆಗಿಬರಂಗಿಲ್ಲ," ಎಂದ. ಆ ವಾರ ಅವನಿಗೆ ಊಟ ಹಾಕಿದವಳು ಮಾನ್ವಿಯಲ್ಲಿ ನಮ್ಮವ್ವ.

ಇಷ್ಟೆಲ್ಲ ಆದರೂ ಒಂದು ತೊಡಕು ಉಳಿದಿತ್ತು. ಶೆಡ್ಡಿನ ಬೋರಿನ ನೀರು ಉಪ್ಪು. ಅದರಲ್ಲಿ ತೊಳೆದ ಪ್ಯಾಡು ಒಣಗಿದರೆ ಖಡಕ್ ರೊಟ್ಟಿ. ಮಾವ ಮೆತ್ತನೆ ನೀರು ಹುಡುಕಿಕೊಂಡು ಹೊರಟ. ಹೋದಲ್ಲೆಲ್ಲ ಅಂಗೈಗೆ ಸಾಬೂನು ಹಚ್ಚಿ ನೊರೆ ನೋಡುವುದು. ಯಾರದೋ ಗೃಹಪ್ರವೇಶಕ್ಕೆ ಹೋದಾಗ ಎಲ್ಲರೂ ಬುದ್ಧವಂದನೆಗೆ ಕೂತಿದ್ದರೆ ಇವನು ಬಚ್ಚಲಿನಲ್ಲಿ ನೊರೆ ಮಾಡುತ್ತಿದ್ದ. ಕೊನೆಗೆ ಅವನ ಮನಸ್ಸಿಗೆ ಬಂದ ನೀರು ಜಾಲಹಳ್ಳಿಯಲ್ಲಿ ಅತ್ತೆಯ ತವರುಮನೆಯ ನಳದ್ದು. ಅಲ್ಲಿಗೆ ಕಾಲುವೆಯ ನೀರು ಬರುತ್ತದೆ. ಸರಿ, ಶುರುವಾಯಿತು. ಚೀಲದ ತುಂಬ ಹೊಲಸು ಪ್ಯಾಡು ತುಂಬಿಕೊಂಡು ರಾಯಚೂರಿನಿಂದ ದೇವದುರ್ಗ, ದೇವದುರ್ಗದಿಂದ ಜಾಲಹಳ್ಳಿ. ಹೆಂಡತಿಗಿಂತ ಹೆಚ್ಚು ಸಲ ಹೆಂಡತಿಯ ತವರಿಗೆ ಹೋದ ಗಂಡಸು ನಮ್ಮ ಕಡೆ ಇವನೊಬ್ಬನೇ. ಅವನ ಅತ್ತೆಮ್ಮ, ಅಂದರೆ ಹೆಣ್ಣು ಕೊಟ್ಟ ತಾಯಿ, ಅಳಿಯನ ಪ್ರೀತಿ ಕಂಡು ಹೋದಾಗಲೆಲ್ಲ ಹೋಳಿಗೆ ಮಾಡಿ ಹಾಕಿದಳು. ಇವನು ಹೋಳಿಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಪ್ಯಾಡು ಒತ್ತುತ್ತಿದ್ದ.

ಜಾಲಹಳ್ಳಿಯ ಬಸ್ಸಿನಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ಒಂದು ರಜೆಯ ದಿನ ನಾನೂ ಜೊತೆಗಿದ್ದೆ. ಬಸ್ಸು ಕಿಕ್ಕಿರಿದಿತ್ತು. ಮಾವನಿಗೆ ಶೆಡ್ಡಿನಿಂದ ಯಾರೋ ಗಿರಾಕಿ ಫೋನು ಮಾಡಿದರು. ಬಸ್ಸಿನ ಸದ್ದಿಗೆ ಮೀರಿ ಇವನು ಕೂಗಿದ:

"ಪ್ಯಾಡು ಭಾಳ ಹೊಲಸಾಗ್ಯಾವ್ರೀ. ಇವತ್ತು ತೊಳೀತೀನಿ. ಹೊಲಸ ಪ್ಯಾಡು ಮತ್ತ ಮತ್ತ ವಾಪರಸಬಾರದು, ಅದs ಎಲ್ಲಾ ರೋಗಕ್ಕ ಮೂಲ."

ಹೆಂಗಸರು ಕಿಟಕಿಯ ಆಚೆ ನೋಡಿದರು. ಒಬ್ಬ ಮುದುಕ ಕೆಮ್ಮಿದ. ನಾನು ಸೀಟಿನ ಕೆಳಗೆ ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದೆ. ಆದರೆ ಮುಂದಿನ ಸೀಟಿನಲ್ಲಿದ್ದ ಆಶಾ ಕಾರ್ಯಕರ್ತೆಯೊಬ್ಬಳು ಹಿಂದಕ್ಕೆ ತಿರುಗಿ ಮಾವನಿಗೆ ಕೈ ಮುಗಿದಳು.

"ಯಣ್ಣಾ, ಇಂಥ ಮಾತು ನಾಚಿಕಿ ಬಿಟ್ಟು ಆಡೋ ಗಂಡಸನ್ನ ನಾ ಇವತ್ತs ನೋಡಿದ್ದು. ನಮ್ಮ ಜಾಲಹಳ್ಳಿ ಹೆಣ್ಮಕ್ಕಳ ಮೀಟಿಂಗಿಗೆ ಬಂದು ನಾಕು ಮಾತು ಹೇಳ್ತೀರೇನು?"

ತನ್ನ ವಿದ್ಯೆಯನ್ನು ಕೇಳುವವರು ಸಿಗುವುದೇ ಅಪರೂಪ. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಬರ್ತೀನ್ರೆವಾ. ನನ್ನ ಬಲ್ಲಿ ಎಲ್ಲಾ ಬಣ್ಣದ್ದೂ ಅದಾವ, ತಂದು ತೋರಸ್ತೀನಿ," ಎಂದ.

ನಾನು ಮಾವನ ಅಂಗಿ ಎಳೆದೆ, ಕಾಲು ತುಳಿದೆ. ಪ್ರಯೋಜನವಾಗಲಿಲ್ಲ. ಜಾಲಹಳ್ಳಿಯಲ್ಲಿ ಇಳಿದವರೇ ನೇರ ಮೀಟಿಂಗಿಗೆ ಹೋದೆವು. ನೆರೆದ ಹೆಂಗಸರ ಮುಂದೆ ಮಾವ ಚೀಲ ತೆಗೆದು ಕಿತ್ತಳೆ, ಬಿಳಿ, ಕರಿ ಎಂದು ದುಂಡು ಪ್ಯಾಡುಗಳನ್ನು ಸಾಲಾಗಿ ಇಟ್ಟ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಬಹಳ ಸಂಕೋಚದಿಂದ, "ಇಷ್ಟು ದಪ್ಪಂದು ಹೆಂಗ್ರೀ ಯಣ್ಣಾ?" ಎಂದು ಕೇಳಿದಳು. "ಮಶೀನಿಗೆ ಹಚ್ಚಬೇಕವ್ವಾ," ಎಂದ ಮಾವ.

ನಗುವಿನ ಆರ್ಭಟಕ್ಕೆ ಮೇಲಿನ ತಗಡು ಹಾರಿ ಹೋಗಬೇಕಿತ್ತು. ನಾನು ಎದ್ದು ನಿಂತು ವಿಷಯ ಬಿಡಿಸಿ ಹೇಳಿದೆ. ಆಶಾ ಕಾರ್ಯಕರ್ತೆ ಕಣ್ಣೊರೆಸಿಕೊಳ್ಳುತ್ತ, "ಇರಲಿ ಬಿಡ್ರಿ, ತೊಳಿಯೋ ಮಾತು ಇಬ್ಬರದೂ ಒಂದs," ಎಂದು ಸಮಾಧಾನ ಮಾಡಿದಳು. ಮಾವ ನಾಚಿಕೊಂಡನೇ? ಇಲ್ಲ. ಆಕೆ ಮುಟ್ಟಿನ ಬಟ್ಟೆಯನ್ನು ತೊಳೆದು ಕಡ್ಡಾಯವಾಗಿ ಬಿಸಿಲಿಗೆ ಹಾಕಬೇಕು ಎಂದು ಹೆಂಗಸರಿಗೆ ಹೇಳಿದಾಗ, ಇವನು ನಡುವೆ ಬಾಯಿ ಹಾಕಿ, "ಬಿಸಿಲಿಗೆ ಹಾಕಬ್ಯಾಡ್ರೀ, ಅಂಟು ಬಿಡ್ತದ," ಎಂದು ವಾದಕ್ಕೆ ನಿಂತ. ಅವನನ್ನು ಅಲ್ಲಿಂದ ಹೊರಡಿಸಿಕೊಂಡು ಬರುವಷ್ಟರಲ್ಲಿ ನನಗೆ ಜ್ವರ ಬಂದಂತಾಗಿತ್ತು.

ನೆರಳಿನ ಹುಚ್ಚು ಅವನಿಗೆ ಒಂದು ಸಲ ಸರಿಯಾಗಿ ಪಾಠ ಕಲಿಸಿತು. ಮೆಣಸಿನಕಾಯಿಯ ಕಾಲ. ಅತ್ತೆ ಮಾಳಿಗೆಯ ಮೇಲೆ ವರ್ಷದ ಖಾರಕ್ಕೆ ಮೆಣಸಿನಕಾಯಿ ಒಣಹಾಕಿದ್ದಳು. ಮಾವ ಅಲ್ಲೇ ಗೋಡೆಯ ನೆರಳಿನಲ್ಲಿ ಪ್ಯಾಡುಗಳನ್ನು ಮಲಗಿಸಿದ್ದ. ಮಧ್ಯಾಹ್ನದ ಗಾಳಿ ಅವನ ನಿಯಮಗಳನ್ನು ಓದಿಕೊಂಡಿರಲಿಲ್ಲ. ಮರುದಿನ ಒಬ್ಬ ನಿವೃತ್ತ ಹೆಡ್‌ಮಾಸ್ತರರು ತಮ್ಮ ಕಾರು ತಂದು, ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ಮಾವ ಯಂತ್ರ ಚಾಲೂ ಮಾಡಿದ. ಒಂದು ಕ್ಷಣದಲ್ಲಿ ಶೆಡ್ಡಿನ ಗಾಳಿಯೆಲ್ಲ ಒಗ್ಗರಣೆ. ಹೆಡ್‌ಮಾಸ್ತರರು ಸೀನಿ ಸೀನಿ, ಕಣ್ಣಲ್ಲಿ ನೀರು ಸುರಿಸುತ್ತ ರಸ್ತೆಗೆ ಬಂದು ನಿಂತರು. ಹಿಂದೆಯೇ ಮಾವ, ಅವನ ಹಿಂದೆ ಚಹಾ ಕುಡಿಯುತ್ತಿದ್ದ ನಾನು, ಮೂವರೂ ಅಳುತ್ತ. ದಾರಿಯಲ್ಲಿ ಹೋಗುತ್ತಿದ್ದ ಒಂದು ಟಂಟಂ ನಿಂತಿತು. ಅದರಿಂದ ಇಳಿದ ಹೆಂಗಸರು ಹತ್ತಿರ ಬಂದು ಹೆಡ್‌ಮಾಸ್ತರರ ತೋಳು ಹಿಡಿದು, "ಯಾರು ಹೋದ್ರೋ ಯಪ್ಪಾ?" ಎಂದು ತಾವೂ ದನಿ ತೆಗೆದರು. ಹೆಡ್‌ಮಾಸ್ತರರಿಗೆ ಉತ್ತರ ಹೇಳಲು ಸೀನು ಬಿಡಲಿಲ್ಲ. ಕಾರು ಮಾತ್ರ ಹಿಂದೆಂದೂ ಇಲ್ಲದಷ್ಟು ಹೊಳೆಯಿತು ಎಂದು ಮಾವ ಇವತ್ತಿಗೂ ವಾದಿಸುತ್ತಾನೆ.

ಇಂಥ ಸುದ್ದಿಗಳನ್ನು ನಾನು ಸಂಜೆ ಮನೆಗೆ ಒಯ್ದು ಅವ್ವನಿಗೆ ಹೇಳುತ್ತಿದ್ದೆ. ಅವ್ವ ಮಾನ್ವಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಅವಳ ರೊಟ್ಟಿಯೇ. ನಾನು ನೌಕರಿ ಹಿಡಿದ ಮೇಲೂ ಅವಳು ಬಿಡಲಿಲ್ಲ. ತಟತಟ ಎಂದು ರೊಟ್ಟಿ ಬಡಿಯುತ್ತ, ತಮ್ಮನ ಕಥೆ ಕೇಳುತ್ತ, ತಲೆ ಅಲ್ಲಾಡಿಸುತ್ತಿದ್ದಳು. "ಹುಚ್ಚ ಅದಾನ. ಆದ್ರ ಒಂದು ಕಡೆ ನಿಂತಾನಲ್ಲ, ಅಷ್ಟು ಸಾಕು," ಎನ್ನುತ್ತಿದ್ದಳು.

ಹೋದ ವರ್ಷ ಒಂದು ಬೆಳಗ್ಗೆ ರೊಟ್ಟಿಯ ಸದ್ದು ನಡುವೆಯೇ ನಿಂತಿತು. ನಾನು ಜಡೆ ಹಾಕಿಕೊಳ್ಳುತ್ತಿದ್ದವಳು ಓಡಿ ಬಂದು ನೋಡಿದರೆ ಅವ್ವ ಗೋಡೆಗೆ ಒರಗಿದ್ದಳು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಲಕ್ವ. ರಾಯಚೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಉಳಿಯಿತು, ಕಾಲೂ ನಿಧಾನವಾಗಿ ತಿರುಗಿ ಬಂತು. ಬಲಗೈ ಬರಲಿಲ್ಲ. ಬೆರಳುಗಳು ಮಡಚಿಕೊಂಡು ಮುಷ್ಟಿ ಬಿಗಿದುಕೊಂಡವು.

ಕೈಗೆ ಕಸರತ್ತು ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ರಬ್ಬರಿನ ಚೆಂಡು ಕೊಟ್ಟು ಒತ್ತಲು ಹೇಳಿದಳು. ಅವ್ವ ಅದನ್ನು ಮಂಚದ ಕೆಳಗೆ ಉರುಳಿಸಿದಳು. "ಚೆಂಡಾಡಾಕ ನಾ ಏನು ಸಣ್ಣ ಕೂಸೇನು?" ಎಂದಳು. ಅಷ್ಟು ಗಟ್ಟಿಯಾದ ಚೆಂಡು ಅವಳ ಬೆರಳಿಗೆ ಬಗ್ಗುತ್ತಲೂ ಇರಲಿಲ್ಲ. ಬಗ್ಗದ ಚೆಂಡನ್ನು ದಿನವೂ ಹಿಡಿದು ಸೋಲುವುದು ಅವಳಿಗೆ ಬೇಡವಾಗಿತ್ತು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಳು. ಆಮೇಲೆ ಉಣ್ಣುವುದೂ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ನಾನು ಶಾಲೆಯಲ್ಲಿ ಪಾಠ ಮಾಡುವಾಗ ಮನಸ್ಸು ಮಾನ್ವಿಯಲ್ಲಿ, ಮಾನ್ವಿಯಲ್ಲಿ ಕೂತರೆ ಮೈಯೆಲ್ಲ ಚಡಪಡಿಕೆ. ಬಸ್ಸಿನಲ್ಲಿದ್ದಾಗ ಮಾತ್ರ ಏನೋ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಮಾವ ಮೊದಮೊದಲು ದಿನವೂ ಬಂದ. ಬಂದರೂ ಮಂಚದ ಬಳಿ ನಿಲ್ಲುತ್ತಿರಲಿಲ್ಲ. ಒಳಗೆ ಬರುವನು, ಹೊರಗೆ ಹೋಗುವನು. ಸೋರುವ ನಳ ಬಿಗಿ ಮಾಡುವನು, ಬಲ್ಬಿನ ಧೂಳು ಒರೆಸುವನು, ಕಿಟಕಿಗೆ ಎಣ್ಣೆ ಬಿಡುವನು. ಅಕ್ಕನ ಮುಖ ನೋಡಿದರೂ ಕೈ ನೋಡುತ್ತಿರಲಿಲ್ಲ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಅವ್ವ ಬಾಗಿಲ ಕಡೆ ನೋಡಿ ನೋಡಿ, "ಓಡಿದ ನೋಡು ಮತ್ತ," ಎಂದಳು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬಸ್ಸು ಶೆಡ್ಡಿನ ಮುಂದೆ ಹಾದು ಹೋಗುವಾಗ ಆಚೆ ಬದಿಯ ಕಿಟಕಿ ನೋಡುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ಅವನು ಪ್ಲಾಸ್ಟಿಕ್ ಟಬ್ಬು, ಪ್ಯಾಡಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕುಶಲ ಕೇಳಲಿಲ್ಲ.

"ಅಕ್ಕ, ಜಾಲಹಳ್ಯಾಗ ನಳ ಬಂದ್ ಆಗ್ಯದ. ಕೈತುಂಬ ಗಾಡಿ ಬಂದು ನಿಂತಾವ. ನಿಮ್ಮ ಮಾನ್ವಿ ನೀರೂ ಅಡ್ಡಿಯಿಲ್ಲ, ಇಲ್ಲೇ ತೊಳಕೊಂಡು ಹೋಗ್ತೀನಿ."

ಇವನಿಗೆ ನೀರು ಕಾಸಿ ಕೊಡಲು ನನಗೆ ಮನಸ್ಸಿರಲಿಲ್ಲ. ತಾನೇ ಕಾಸಿಕೊಂಡು, ಟಬ್ಬನ್ನು ಅವ್ವನ ಮಂಚದ ಪಕ್ಕಕ್ಕೇ ಇಟ್ಟುಕೊಂಡು ಕೂತ. ಒಂದು ಬಿಳಿ ಪ್ಯಾಡನ್ನು ಸುಮ್ಮನೆ ಅದ್ದಿ, ಅರೆಬರೆ ಒತ್ತಿ, ಪಕ್ಕಕ್ಕೆ ಹಾಕಿದ. ಅವ್ವ ಸ್ವಲ್ಪ ಹೊತ್ತು ನೋಡಿದಳು.

"ಹಂಗ ತೊಳೀತಾರೇನಲೇ? ನೀರು ಇನ್ನೂ ಬೆಳ್ಳಗ ಬರಾಕತ್ತದ."

"ನನಗ ಕೈ ಸಾಲವಲ್ವು ಅಕ್ಕ. ಅಷ್ಟು ಆದ್ರ ನೀನs ಒತ್ತು."

ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಅವ್ವ ಬಹಳ ಮೆಲ್ಲಗೆ ಹೇಳಿದಳು:

"ಕಣ್ಣ ಕಾಣವಲ್ವೇನು ನಿನಗ? ಈ ಕೈ ಸತ್ತದ."

ಮಾವ ಆ ಮುಷ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಟಬ್ಬಿನೊಳಗೆ ಇಳಿಸಿದ.

"ಸುಡ್ತದಲೇ."

"ಸತ್ತ ಕೈಗೆ ಸುಡೂದು ಹೆಂಗ ಗೊತ್ತಾತು?"

ಮಾವ ಬೆಚ್ಚನೆ ನೀರೊಳಗೆ ಅವಳ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಎಲ್ಲಕ್ಕಿಂತ ಮೆತ್ತನೆಯ ಕರಿ ಪ್ಯಾಡನ್ನು ಅಂಗೈಗೆ ಇಟ್ಟ. ಬೆರಳುಗಳು ತಾವಾಗಿ ಮಡಚಿಕೊಂಡವು. ಚೆಂಡು ಬಗ್ಗಿರಲಿಲ್ಲ, ಇದು ಬಗ್ಗಿತು. ನೀರಿನಲ್ಲಿ ಹಾಲಿನಂಥ ಒಂದು ಎಳೆ ತೇಲಿತು. ಮತ್ತೆ ಫೋಮು ಮೆಲ್ಲಗೆ ಉಬ್ಬಿಕೊಳ್ಳುತ್ತ ಬೆರಳುಗಳನ್ನು ಒಳಗಿನಿಂದ ಹೊರಕ್ಕೆ ತಳ್ಳಿತು. ಅವ್ವ ಟಬ್ಬನ್ನೇ ದಿಟ್ಟಿಸಿ ನೋಡಿದಳು. ಇನ್ನೊಂದು ಸಲ ಒತ್ತಿದಳು. ಇನ್ನೊಂದು ಎಳೆ.

"ಎಷ್ಟು ಹೊಲಸು ಇಟ್ಟೀಯೋ ಇದರಾಗ," ಎಂದಳು.

ಅವತ್ತಿನಿಂದ ಚೀಲ ದಿನವೂ ಬಂತು. ಮಾವ ತಾನೇ ತರುತ್ತಿದ್ದ; ಬಿಡುವಿಲ್ಲ ಎಂದಾಗ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ. ಅವ್ವ ತಮ್ಮನನ್ನು ಬೈಯುತ್ತ, ಗಾಡಿಗಳನ್ನು ಬೈಯುತ್ತ, ನೀರು ತಿಳಿಯಾಗುವ ತನಕ ಒತ್ತುತ್ತ ಕೂರುತ್ತಿದ್ದಳು. ಬೈಯುವ ಶಕ್ತಿ ಬಂದ ಮೇಲೆ ಹಸಿವೂ ಬಂತು. ಕಸರತ್ತಿನ ಹುಡುಗಿ ಟಬ್ಬು ನೋಡಿ ನಕ್ಕು, "ಇದನ್ನs ಮಾಡಲಿ ಬಿಡ್ರಿ ಟೀಚರ್, ಭಾಳ ಚೊಲೊ," ಎಂದಳು. ಮಳೆ ಮುಗಿಯುವ ಹೊತ್ತಿಗೆ ಅವ್ವ ಬಲಗೈಯಲ್ಲಿ ನೀರಿನ ಲೋಟ ಹಿಡಿದಳು. ಕೈ ನಡುಗಿತು, ನೀರು ಚೆಲ್ಲಿತು, ಆದರೂ ಬಾಯಿಗೆ ಮುಟ್ಟಿತು. ಅವತ್ತು ಗೋಡೆಯ ಕಡೆ ತಿರುಗಲಿಲ್ಲ.

ಮಾವನ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ. ಶಾಲೆ ಬೇಗ ಬಿಟ್ಟ ಒಂದು ಮಧ್ಯಾಹ್ನ, ಅವನಿಗೆ ಲೋಟದ ಸುದ್ದಿ ಹೇಳೋಣವೆಂದು ಎಷ್ಟೋ ತಿಂಗಳ ಮೇಲೆ ಶೆಡ್ಡಿನ ಬಳಿ ಇಳಿದೆ. ಅಲ್ಲಿ ಒಂದೂ ಕಾರಿರಲಿಲ್ಲ. ಪಕ್ಕದ ಚಹಾದಂಗಡಿಯಾಕೆ, "ಈಗ ಗಾಡಿ ಎಲ್ಲಿ ಬರ್ತಾವ್ರೀ ಟೀಚರ್, ಭಾಳ ದಿನದಿಂದ ಹಿಂಗs ಖಾಲಿ ಅದ," ಎಂದಳು. ಹಾಗಾದರೆ ದಿನವೂ ಚೀಲ ತುಂಬ ಬರುವ ಹೊಲಸು ಪ್ಯಾಡುಗಳು?

ಒಳಗೆ ಹೋದೆ. ಮಾವ ನನಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದ. ಹಿಂದಿನ ದಿನ ಅವ್ವ ತೊಳೆದು ಕೊಟ್ಟ ಪ್ಯಾಡುಗಳು ಒಣಗಿ, ಹೂವಿನ ಹಾಗೆ ಹಗುರಾಗಿ, ಮುಂದೆ ಸಾಲಾಗಿದ್ದವು. ಅವನು ಡಬ್ಬಿಯಿಂದ ಬೆರಳಿನಲ್ಲಿ ಬಿಳಿ ಲೇಪ ತೆಗೆದು ಒಂದೊಂದಕ್ಕೆ ಸವರಿ, ಆಮೇಲೆ ನೆಲದ ಧೂಳಿಗೆ ಮೆಲ್ಲಗೆ ಒತ್ತಿ, ಚೀಲಕ್ಕೆ ಹಾಕುತ್ತಿದ್ದ. ಪ್ರತಿ ಸಲ ಧೂಳಿಗೆ ಒತ್ತುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ನನ್ನ ನೆರಳು ಬಿದ್ದು ತಿರುಗಿ ನೋಡಿದ. ಏನೂ ಮುಚ್ಚಿಡಲು ಹೋಗಲಿಲ್ಲ.

"ಇವತ್ತು ಜರಾ ಗಟ್ಟಿ ಪ್ಯಾಡು ಹಾಕೀನಿ. ಬೆರಳಿಗೆ ಬಲ ಬಂದದಲ್ಲ," ಎಂದ. "ಒಯ್ತೀಯೇನು? ಕಂಡಕ್ಟರಗ ಕೊಟ್ರ ಎಲ್ಲೆಂದ್ರ ಅಲ್ಲಿ ಒಗೀತಾನ."

ನಾನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾನ್ವಿಯ ಬಸ್ಸಿನಲ್ಲಿ ಕೂತೆ. ಲೋಟದ ಸುದ್ದಿ ಹೇಳುವುದನ್ನು ಮರೆತಿದ್ದೆ. ಮನೆಗೆ ಹೋಗಿ ಚೀಲವನ್ನು ಅವ್ವನ ಮುಂದೆ ಇಟ್ಟಾಗ, ಶೆಡ್ಡಿನಲ್ಲಿ ಕಂಡದ್ದು ಬಾಯಿಗೆ ಬಂದು ನಿಂತಿತ್ತು. ಅವ್ವ ಬಲಗೈಯನ್ನೇ ಚೀಲಕ್ಕೆ ಹಾಕಿ, ತಡಕಾಡಿ, ಒಂದು ಕಿತ್ತಳೆ ಪ್ಯಾಡು ಹೊರತೆಗೆದು ಮೂಗಿನ ಹತ್ತಿರ ಹಿಡಿದಳು.

"ಶೆಡ್ಡಿಗೆ ಹೋಗಿದ್ಯಾ?"

"ಹೂಂ."

"ಗಾಡಿ ಇರಲಿಲ್ಲ, ಹೌದಿಲ್ಲೋ?"

ನಾನು ಟಬ್ಬನ್ನು ಮಂಚದ ಪಕ್ಕಕ್ಕೆ ಎಳೆದಿಟ್ಟೆ.

"ನನಗ ಮೊದಲ ವಾರನs ಗೊತ್ತಾಗ್ಯದ. ಗಾಡಿ ತಿಕ್ಕಿದ ಹೊಲಸಿಗೆ ಹಿಂಗ ಬರೇ ನೆಲದ ಮಣ್ಣಿನ ವಾಸನಿ ಇರ್ತದೇನು?" ಎಂದಳು ಅವ್ವ. "ನನಗ ಗೊತ್ತದ ಅಂತ ಅವಗ ಹೇಳಬ್ಯಾಡ. ತೊಳದದ್ದನ್ನ ಮತ್ತ ಹೊಲಸು ಮಾಡಾಕ ಅವನ ಜೀವಕ್ಕ ಎಷ್ಟು ತ್ರಾಸ ಆಕ್ಕದೋ ಏನೋ."

ಆಮೇಲೆ ನೀರು ಕಾಸಲು ಹೇಳಿದಳು.